ಅಣ್ಣನ ನಾಲಿಗೆ

ತಂಗಿ ಶರಾವತಿ ತೀರಿಕೊಂಡ ಸುದ್ದಿ ಶಿವಮೊಗ್ಗದಿಂದ ಬಂದ ದಿನ, ಭದ್ರಾವತಿ ಓಲ್ಡ್ ಟೌನಿನ ನರಸಿಂಹಮೂರ್ತಿಗಳಿಗೆ ಮೊದಲು ನೆನಪಾದದ್ದು ತಮ್ಮ ನಾಲಿಗೆ. ವಂಶವಾಹಿಗಳ ಅಧ್ಯಯನದಲ್ಲಿ ದೊಡ್ಡ ಹೆಸರು ಮಾಡಿದ ತಂಗಿ, ಯಾರ ನಾಲಿಗೆ ಕೊಳವೆಯಂತೆ ಮಡಚಿಕೊಳ್ಳುತ್ತದೆ ಎಂದು ಮನೆಮಂದಿಯದನ್ನೆಲ್ಲ ನೋಡಿದ್ದಳು. ಅಣ್ಣ ಮಾತ್ರ, "ನಾಲಿಗೆ ಇರೋದು ದೇವರ ನಾಮಕ್ಕೆ ಮಾರಾಯ್ತಿ, ನಿನ್ನ ಸರ್ಕಸ್ಸಿಗಲ್ಲ" ಎಂದು ಬಾಯಿ ಬಿಗಿದುಕೊಂಡಿದ್ದರು. ಅವಳು ಕೇಳಿದ ಅಷ್ಟು ಚಿಕ್ಕದನ್ನೂ ಕೊಡಲಿಲ್ಲವಲ್ಲ ಎಂಬ ಕೊರಗಿನಲ್ಲಿ ಅವರಿಗೆ ಅಂದಿನಿಂದ ಊಟ ಸೇರುತ್ತಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಅವಳ ಹೆಸರಿನ ಮೊದಲ ಸ್ಮಾರಕ ಉಪನ್ಯಾಸ ನಡೆಯಿತು. ಉಪನ್ಯಾಸ ಕೊಟ್ಟವಳು ಅವಳ ಶಿಷ್ಯೆ ಕವನಾ. ಕೊನೆಯಲ್ಲಿ ಅವಳು ನಕ್ಕು ಹೇಳಿದಳು: "ಮೇಡಂ ಯಾವಾಗ್ಲೂ ಅಂತಿದ್ರು, 'ನಮ್ಮಪ್ಪನ ನಾಲಿಗೆ ನಂಗೆ ಬಂದಿದೆ, ಅಣ್ಣಂಗೂ ಬಂದಿರುತ್ತೆ. ಪುಣ್ಯಾತ್ಮ ತೋರಿಸ್ಲೇ ಇಲ್ಲ!'"

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿದ್ದ ಮೂರ್ತಿಗಳು ಎದ್ದು, ವೇದಿಕೆ ಹತ್ತಿ, ಹಾರ ಹಾಕಿದ ತಂಗಿಯ ಫೋಟೊದ ಮುಂದೆ ನಿಂತು ನಾಲಿಗೆ ಚಾಚಿದರು. ಕುಲಪತಿಗಳು ತಬ್ಬಿಬ್ಬಾದರು. ಹೆಂಡತಿ ವೇದಾ ಓಡಿ ಬಂದು ಶಲ್ಯ ಜಗ್ಗಿದರು. "ರೀ, ಹೋದವಳನ್ನ ಅಣಕಿಸ್ತೀರೇನ್ರೀ? ಒಳಗೆ ಹಾಕ್ಕೊಳ್ರಿ!" ಅಷ್ಟರಲ್ಲಿ ನಾಲಿಗೆ ವೀಳ್ಯದೆಲೆಯಂತೆ ಎರಡೂ ಬದಿಯಿಂದ ಮಡಚಿಕೊಂಡಿತು. ವೇದಾ ಕೈ ಬಿಟ್ಟರು. "ಅಯ್ಯೋ, ಥೇಟ್ ಶರಾವತೀದೇ ಕಣ್ರೀ!"

ಮೂರ್ತಿಗಳ ಕಣ್ಣೀರು ಧಾರಾಕಾರವಾಗಿ ಹರಿಯಿತು. ನಾಲಿಗೆ ಒಳಗೆಳೆದುಕೊಂಡು ಕೈಮುಗಿದರು. "ಸ್ವಾಮಿ ಲಕ್ಷ್ಮೀನರಸಿಂಹ, ಅಲ್ಲೂ ಅವಳು ಸುಮ್ನಿರೋಳಲ್ಲ. ನಿನ್ನ ನಾಲಿಗೇನೂ ಕೇಳ್ತಾಳೆ. ನನ್ನ ಹಾಗೆ ಹಠ ಮಾಡ್ಬೇಡ, ತೋರಿಸ್ಬಿಡು. ನನ್ನ ತಂಗಿಗೆ ಶಾಂತಿ ಕೊಡು."