ಗೇಟಿನೊಳಗೆ ಹೋದವನು

ರೈಲು ನಿಲ್ದಾಣದಲ್ಲಿ ಉಗ್ರರಿಟ್ಟ ಬಾಂಬು ಸಿಡಿದು ಇನ್ನೂ ವಾರವಾಗಿರಲಿಲ್ಲ. ಎಲ್ಲರ ಬಾಯಲ್ಲೂ ಯುದ್ಧದ ಮಾತೇ. ಊರಿನ ಫಿರಂಗಿ ಗುಂಡು ತಯಾರಿಸುವ ಕಾರ್ಖಾನೆಯ ಕಾರ್ಮಿಕ ಸಂಘ ಮಾತ್ರ, ಸೇಡು ಬೇಡ, ಶಾಂತಿ ಬೇಕೆಂದು ಒಂದು ದಿನ ಕೆಲಸ ನಿಲ್ಲಿಸಲು ಕರೆ ಕೊಟ್ಟಿತು.

ಆ ದಿನ ಉಳಿದ ಕಾರ್ಮಿಕರೊಂದಿಗೆ ಗೇಟಿನ ಮುಂದೆ ಕುಳಿತ ಸಂಘದ ಕಾರ್ಯದರ್ಶಿ ಚನ್ನವೀರನಿಗೆ ಇದ್ದದ್ದು ಒಂದೇ ಅಳುಕು. ಜೊತೆಯ ಕಾರ್ಮಿಕ ಫಕೀರಪ್ಪ ಕೆಲಸಕ್ಕೆ ಬಂದರೆ ಏನು ಹೇಳುವುದು? ಅವನ ಒಬ್ಬಳೇ ಮಗಳು ಆ ನಿಲ್ದಾಣದಲ್ಲಿ ಸತ್ತಿದ್ದಳು.

ಫಕೀರಪ್ಪ ಬಂದೇ ಬಂದ.

"ದಾರಿ ಬಿಡ್ರಿ. ನಾ ಒಳಗ ನನ್ನ ಮಿಷಿನ್ ಹತ್ರ ಹೋಗಬೇಕು."

"ನಿನ್ನ ತಡಿಯೋ ಮುಖ ನಮಗಿಲ್ಲಪಾ," ಎಂದು ಚನ್ನವೀರ ಪಕ್ಕಕ್ಕೆ ಸರಿದ.

ಫಕೀರಪ್ಪ ಒಳಗೆ ನಡೆದ. "ಮುಗೀತು, ಇನ್ನ ಎಲ್ಲಾರೂ ಎದ್ದು ಹೋಗ್ತಾರ," ಎಂದು ಹಿಂದಿನಿಂದ ಯಾರೋ ಗೊಣಗಿದರು. ಚನ್ನವೀರ ತಲೆ ತಗ್ಗಿಸಿದ. ಮಗಳನ್ನು ಮಣ್ಣು ಮಾಡಿ ಬಂದವನೆದುರು ಶಾಂತಿಯ ಮಾತು ಅವನಿಗೇ ಹಗುರವಾಗಿ ಕಂಡಿತು.

ಸ್ವಲ್ಪ ಹೊತ್ತಿಗೆ ಫಕೀರಪ್ಪ ಹೊರಗೆ ಬಂದು ಚನ್ನವೀರನ ಮಗ್ಗುಲಲ್ಲೇ ಕುಳಿತ. ಕೈಯಲ್ಲಿ ಮಗಳ ಪುಟ್ಟ ಫೋಟೋ ಇತ್ತು.

"ಮಿಷಿನ್ನಿಗೆ ಅಂಟಿಸಿದ್ದೆ," ಎಂದ. "ಸಿಡಿದದ್ದನ್ನ ಈಕಿ ನೋಡಿದ್ಲು. ನಾವು ಗುಂಡು ಮಾಡೂದನ್ನೂ ಯಾಕ ನೋಡ್ಬೇಕು?"