ಹೋಗುವುದಕ್ಕೆ ಮಾತ್ರ ಪರ್ಮಿಟ್

ಒಮ್ಮೆ ದಾಟಿದರೆ ವಾಪಸ್ ಬಿಡುವುದಿಲ್ಲ, ಗೊತ್ತಿದೆ ತಾನೇ ಎಂದು ಸೈನಿಕ ಎರಡನೇ ಸಲ ಕೇಳಿದ. ಮಾಳವಿಕಾ ಗೊತ್ತು ಎಂದಳು. ಅವಳ ಪರ್ಮಿಟ್ಟನ್ನು ಅವನು ಬಂದೂಕಿನ ಹಿಡಿಗೆ ಒತ್ತಿಟ್ಟು ಮುದ್ರೆ ಹಾಕಿದ.

ಒಂದು ಕಾಲಕ್ಕೆ ಕಾಫಿ ಹೀರುತ್ತಾ ಅರವತ್ತೈದು ಮೈಲಿ ವೇಗದಲ್ಲಿ ದಾಟುತ್ತಿದ್ದ ಗಡಿ ಇದು. ಅಮೆರಿಕ ಹೀಗೆ ಚೂರಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ, ಮಿಷಿಗನ್ನಿನಲ್ಲಿ ಅವಳಿದ್ದ ವೆಸ್ಟ್ ಬ್ಲೂಮ್‌ಫೀಲ್ಡ್‌ನ ಯುಗಾದಿ ಊಟದಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಚುನಾವಣೆಯ ಜಗಳಕ್ಕೆ ರಾಜ್ಯಗಳು ಒಂದೊಂದಾಗಿ ಕಿತ್ತುಕೊಂಡು ಹೋದವು. ಈಗ ಮಿಷಿಗನ್ನಿಗೂ ಇಲಿನಾಯ್‌ಗೂ ಯುದ್ಧ. ನಡುವಿನ ಇಂಡಿಯಾನಾದ ಮೂಲೆಯಲ್ಲಿ ಯಾರು ಯಾರಿಗೆ ಗುಂಡು ಹೊಡೆಯುತ್ತಿದ್ದಾರೆಂದು ಹೊಡೆಯುವವರಿಗೂ ಸರಿಯಾಗಿ ಗೊತ್ತಿರಲಿಲ್ಲ.

ಶಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಅಮ್ಮ ಲತಾಶ್ರೀ ಕಳಿಸಿದ್ದು ಒಂದೇ ಮೆಸೇಜು: "ಅಪ್ಪ ತೀರ್ಕೊಂಡ್ರು." ಹೇಗೆ, ಯಾವಾಗ, ಒಂದೂ ಇಲ್ಲ. ಅದರ ಬೆನ್ನಿಗೇ ಇಲಿನಾಯ್‌ನ ಫೋನು, ನೆಟ್ಟು ಎಲ್ಲ ನಿಂತುಹೋದವು. ಅಪ್ಪ ಮನೋಹರ್‌ಗೆ ಹೋದ ವರ್ಷ ಬೈಪಾಸ್ ಆಗಿತ್ತು. ಮಾಳವಿಕಾ ಒಬ್ಬಳೇ ಮಗಳು. ಡ್ರೈವಿಂಗ್ ಕೂಡ ಬಾರದ ಅಮ್ಮ ಹೆಣದ ಪಕ್ಕ ಒಬ್ಬಳೇ ಕೂತಿದ್ದಾಳೆ ಎಂಬ ಯೋಚನೆಗೆ ಅವಳು ಅಂದೇ ಹೊರಡಲು ನಿಂತಳು.

ದಾಟಲು ಪರ್ಮಿಟ್ ಸಿಗುತ್ತಿದ್ದುದು ಹತ್ತಿರದವರ ಸಾವಿಗೆ ಮಾತ್ರ. ಅದೂ ಒಂದೇ ದಿಕ್ಕಿಗೆ, ಮಕ್ಕಳನ್ನು ಬಿಟ್ಟು. ನಾಲ್ಕು ವರ್ಷದ ಇಂಚರಳನ್ನು ತಾನು ನೋಡಿಕೊಳ್ಳುತ್ತೇನೆ, ಕದನ ನಿಂತ ಕೂಡಲೇ ಬಂದುಬಿಡು ಎಂದು ಗಂಡ ಸುಶಾಂತ ಧೈರ್ಯ ಹೇಳಿದ. ಕದನ ನಿಲ್ಲುತ್ತದೆಂದು ಅವನೂ ನಂಬಿರಲಿಲ್ಲ. ಅಮ್ಮ ಹೋಗಬಾರದೆಂದು ಇಂಚರ ಒಂದು ಶೂ ಬಚ್ಚಿಟ್ಟಿದ್ದಳು. ಮಾಳವಿಕಾ ಬೇರೆ ಜೋಡಿ ಹಾಕಿಕೊಂಡು ಹೊರಟಳು.

ಗಡಿಯವರೆಗೆ ಕಾರಿನಲ್ಲಿ ತಂದುಬಿಟ್ಟವರು ಪಕ್ಕದ ಊರು ವಿಕ್ಸಮ್‌ನಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವ ಶಿವಮೊಗ್ಗದ ನಜೀಬ್. ಅವರು ದಾರಿಯಲ್ಲಿ ಆ ಮೆಸೇಜನ್ನು ಓದಿ, ಮತ್ತೊಮ್ಮೆ ಓದಿದರು.

"ಬರೀ ಇಷ್ಟೇನಾ? ಲೈನು ಸರಿಹೋದ್ರೆ ಇನ್ನೊಂದು ಮೆಸೇಜ್ ಬರಬಹುದು, ಒಂದಿನ ಕಾಯೋಣ್ವೇನಮ್ಮ?"

"ಇನ್ನೇನು ಬರತ್ತೆ ಅಂಕಲ್? ಬಾಡಿ ಕಾಯತ್ತಾ?"

ನಜೀಬ್ ತಮ್ಮ ಅನುಮಾನವನ್ನು ನುಂಗಿ ಫೋನನ್ನು ಅವಳ ಕೈಗೆ ಹಿಂತಿರುಗಿಸಿದರು. ತಂದೆ ಸತ್ತ ಹುಡುಗಿಯ ಎದುರು ಇನ್ನೇನು ಹೇಳುವುದು? ಅವಳೋ ಅಮೆರಿಕದಲ್ಲೇ ಹುಟ್ಟಿದವಳು. ಅಮ್ಮನ ಹರಕೆ, ದೃಷ್ಟಿ, ಶಕುನಗಳಿಗೆಲ್ಲ "ವಾಟೆವರ್, ಅಮ್ಮ" ಎಂದು ರೂಮಿನ ಬಾಗಿಲು ಹಾಕಿಕೊಂಡು ಬೆಳೆದವಳು. ಅದನ್ನೆಲ್ಲ ನೆನೆದು ಈಗ ದಾರಿಯುದ್ದಕ್ಕೂ ಅತ್ತಳು.

ಗಡಿಯಾಚೆಗೆ ಕಾವಲಿನ ಬಸ್ಸು. ಎಲ್ಲರೂ ಮೊಣಕಾಲಿಗೆ ತಲೆ ಹಚ್ಚಿ ಕೂತರು. ಇಂಡಿಯಾನಾದ ಗ್ಯಾರಿ ಪಟ್ಟಣದ ಹತ್ತಿರ ಗುಂಡೇಟಿಗೆ ಕಿಟಕಿಗಳು ಒಡೆದವು. ಹಿಂದಿನ ಸೀಟಿನ ಹೆಂಗಸು ಮತ್ತೆ ತಲೆ ಎತ್ತಲಿಲ್ಲ. ಇಲಿನಾಯ್ ಮುಟ್ಟಿದಾಗ ಡ್ರೈವರ್ ಹೇಳಿದ, ಹಿಂದೆ ಸೇತುವೆ ಉಡಾಯಿಸಿದ್ದಾರೆ, ಇದೇ ಕೊನೆಯ ಬಸ್ಸು. ಮಾಳವಿಕಾಗೆ ಮಗಳ ಮುಖ ಕಣ್ಣಿಗೆ ಕಟ್ಟಿತು. ಆದರೂ ಅಪ್ಪನಿಗೆ ಬೆಂಕಿ ಕೊಡಲಿಕ್ಕಾದರೂ ಬಂದೆನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಿಡಿದುಕೊಳ್ಳಲು ಅದೊಂದೇ ಉಳಿದಿತ್ತು.

ನೇಪರ್‌ವಿಲ್‌ನ ಮನೆಯ ಮುಂದೆ ಜನವಿರಲಿಲ್ಲ. ಮೆಟ್ಟಿಲ ಬಳಿ ಚಪ್ಪಲಿಗಳಿರಲಿಲ್ಲ. ತಡವಾಯಿತು, ಎಲ್ಲ ಮುಗಿದೇ ಹೋಯಿತು ಅಂದುಕೊಂಡಳು. ಒಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ತಟ್ಟಿದಳು.

ಬಾಗಿಲು ತೆಗೆದವರು ಮನೋಹರ್.

ಅವರ ಹಿಂದೆ ಬಂದ ಲತಾಶ್ರೀ ಮಗಳನ್ನು ನೋಡಿದರು, ಅವಳ ಪಕ್ಕದಲ್ಲಿ ಮೊಮ್ಮಗಳಿಗಾಗಿ ಹುಡುಕಿದರು, ಹಣೆ ಬಡಿದುಕೊಂಡರು.

"ನಿಮ್ಮಪ್ಪನ ತಲೆಗೆ ಕಾಗೆ ಬಡೀತು ಕಣೇ, ದೋಷ ಹೋಗ್ಲಿ ಅಂತ ಸುಳ್ಳು ಸುದ್ದಿ ಕಳಿಸ್ದೆ, ನಿಜ ಹೇಳೋ ಮೆಸೇಜ್ ಹೋಗ್ಲೇ ಇಲ್ಲ... ನೀನು ಅಲ್ಲೇ ಕೂತು ಒಂದ್ಸಲ ಅತ್ತಿದ್ರೆ ಸಾಕಿತ್ತು."