ಅಪರಂಜಿ ಸೊಸೆ

ನನ್ನ ವಾರಗಿತ್ತಿ ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅವಳು ನೀರಿಗೆಂದು ಅತ್ತ ಹೋದರೆ ಸಾಕು, ಅಕ್ಕಸಾಲಿಗ ಮಾವ ನನ್ನೆದುರು ಶುರು ಮಾಡುತ್ತಿದ್ದರು. "ಅಪರಂಜಿ ಕಣಮ್ಮ ಆ ಹುಡುಗಿ." ಹದಿನಾಲ್ಕು ವರ್ಷ ಅವರ ಅಗ್ಗಿಷ್ಟಿಕೆಗೆ ಇದ್ದಿಲು ತುಂಬಿದವಳು ನಾನು. ಹೊಟ್ಟೆ ಉರಿದುಹೋಗುತ್ತಿತ್ತು.

ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. "ಅಪರಂಜಿ ಅಂದ್ರೆ ಏನು ಮಾವ?"

ಮಾವ ಊದುಕೊಳವೆಯನ್ನು ಬಾಯಿಂದ ತೆಗೆದರು. "ಪುಟಕ್ಕಿಟ್ಟು, ಕಲ್ಮಶವೆಲ್ಲ ಸುಟ್ಟುಹೋದ ಮೇಲೆ ಉಳಿಯೋ ಬಂಗಾರ. ಚೂರೂ ಬೆರಕೆ ಇರಲ್ಲ."

"ಮತ್ತೆ ನನ್ನ ಬಳೆ?"

"ಅದಕ್ಕೆ ತಾಮ್ರ ಸೇರಿಸಿದೀನಿ."

"ಸರಿ ಬಿಡಿ. ಅವಳು ಅಪರಂಜಿ, ನನಗೆ ತಾಮ್ರ."

"ಅಪರಂಜಿ ಬಲು ಮೆತ್ತಗಮ್ಮ. ಅದರಲ್ಲಿ ಬಳೆ ಮಾಡಿದ್ರೆ ನಾಲ್ಕು ಸಲ ಹಿಟ್ಟು ನಾದೋದ್ರೊಳಗೆ ಸೊಟ್ಟಗಾಗತ್ತೆ. ತಾಮ್ರ ಬಿದ್ರೇನೇ ಬಾಳಿಕೆ."

ಹೊಟ್ಟೆ ತಣ್ಣಗಾಯಿತು. ಬೇಕೆಂದೇ ಬಳೆ ಸದ್ದು ಮಾಡಿಕೊಂಡು ಅಡುಗೆಮನೆಗೆ ಹೋದೆ. ವಾರಗಿತ್ತಿ ಮುಖ ಊದಿಸಿಕೊಂಡು ರೊಟ್ಟಿ ತಟ್ಟುತ್ತಿದ್ದಳು.

"ಏನಾಯ್ತೇ?" ಎಂದೆ.

"ನೀವು ಬೆನ್ನು ತಿರುಗಿಸಿದ್ರೆ ಸಾಕು, ನನ್ನ ಮುಂದೆ ಮಾವಂದು ಒಂದೇ ಮಾತು," ಎಂದಳು. "ನಿಮ್ಮಕ್ಕ ಅಪರಂಜಿ ಕಣಮ್ಮ, ಅಂತ."